ಇಬ್ಬರು ರಾಹುಲರು

ಹೊಸದನ್ನು ಕಂಡೊಡನೆ ಹಳೆಯದನ್ನು ನೆನೆಯುವುದು ಮನುಷ್ಯನ ಬುದ್ಧಿಗೆ ಸಹಜವಾದ ಧರ್ಮ. ಮಗು ಹುಟ್ಟಿದ ಮನೆಗೆ ಬಂದವರು ಮೂಗು ಯಾರದು, ಕಣ್ಣು ಯಾರದು ಎಂದು ಮೊದಲು ವಿಚಾರಿಸುತ್ತಾರೆ. ತಾಳಮದ್ದಲೆಯಲ್ಲಿ ಹೊಸ ಅರ್ಥಧಾರಿಯೊಬ್ಬನು ನಾಲ್ಕು ಮಾತುಗಳನ್ನು ಚೆನ್ನಾಗಿ ಆಡಿದನೆಂದರೆ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಿದ್ದ ಹಿರಿಯರು ಕೂಡಲೇ ತಕ್ಕಡಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಇದು ತಪ್ಪಲ್ಲ. ಹೋಲಿಕೆಯಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ರಸಿಕತೆಯೂ ಇಲ್ಲ. ಆದರೆ ತಕ್ಕಡಿಯನ್ನು ಹಿಡಿದವನಿಗೆ ತೂಕದ ಕಲ್ಲಿನ ಜ್ಞಾನವಿರಬೇಕು. ಅದಿಲ್ಲದಿದ್ದರೆ ಹೋಲಿಕೆಯಿಂದ ಹಿಂದಿನವರಿಗೆ ಗೌರವವೂ ಸಲ್ಲದು, ಬೆಳೆಯುವವರಿಗೆ ಪ್ರಯೋಜನವೂ ಆಗದು.

ಬೈಲು ಎಂಬ ಮಾತನ್ನು ಹೆಸರಿನಲ್ಲಿ ಉಳಿಸಿಕೊಂಡು ಮನೆಗಳಿಂದ ತುಂಬಿಹೋಗಿರುವ ದೇರೆಬೈಲಿನಲ್ಲಿ, ಸಂಜೆಯ ಹೊತ್ತು ಜಗಲಿಯ ಮೇಲೆ ಕೂತವರ ನಡುವೆ ಇಂತಹ ತೂಕದ ಮಾತೊಂದು ಆಗಾಗ ಏಳುವುದುಂಟು. ಅದು ಕ್ರಿಕೆಟ್ ಆಟಕ್ಕೆ ಸಂಬಂಧಪಟ್ಟುದು. ಕೆ. ಎಲ್. ರಾಹುಲರು ರಾಹುಲ್ ದ್ರಾವಿಡರಿಗೆ ಸಮಾನರಾದರೇ, ಆಗುವರೇ, ಆಗಲಾರರೇ ಎಂಬುದೇ ಆ ಚರ್ಚೆ. ದೇರೆಬೈಲಿನವರಿಗೆ ಈ ವಿಷಯದಲ್ಲಿ ಹೆಚ್ಚಿನ ಆಸಕ್ತಿಯಿರುವುದಕ್ಕೆ ಕಾರಣವುಂಟು. 1992ರಲ್ಲಿ ಜನಿಸಿದ ಕೆ. ಎಲ್. ರಾಹುಲರು ಬೆಳೆದುದು ಸುರತ್ಕಲ್ಲಿನಲ್ಲಿ. ಅವರ ತಂದೆಯವರು ಅಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿಯೂ ತಾಯಿಯವರು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದವರು. ಬಾಲಕನು ಹತ್ತನೆಯ ವಯಸ್ಸಿನಲ್ಲಿ ಆಟದ ಶಿಕ್ಷಣವನ್ನು ಆರಂಭಿಸಿ ನೆಹರು ಮೈದಾನದಲ್ಲಿ ಅಭ್ಯಾಸ ಮಾಡಿದನು; ಮುಂದೆ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದನು. ಸುರತ್ಕಲ್ಲಿನಿಂದ ಪೇಟೆಗೆ ಬರುವ ಹೆದ್ದಾರಿಯು ಕೂಳೂರಿನ ಸೇತುವೆಯನ್ನು ದಾಟಿ, ಕೊಟ್ಟಾರ ಚೌಕಿಯಲ್ಲಿ ದೇರೆಬೈಲಿನ ಮಗ್ಗುಲನ್ನೇ ಹಾಯ್ದು ಹೋಗುತ್ತದೆ. ಹೀಗಿರಲು ಆತನು ನಮ್ಮ ದಾರಿಯಲ್ಲಿ ಹೋಗಿಬಂದ ಹುಡುಗನೆಂಬ ಅಭಿಮಾನವು ಇಲ್ಲಿನ ಜನರಲ್ಲಿ ಮೂಡಿದುದು ಸ್ವಾಭಾವಿಕವೇ.

ಅಭಿಮಾನವೇನೋ ಒಳ್ಳೆಯದು, ವಿಚಾರವೂ ಅದರ ಜೊತೆಗಿರಬೇಕು. ನಮ್ಮ ಅಲಂಕಾರಶಾಸ್ತ್ರಜ್ಞರು ಉಪಮೆಗೆ ನಾಲ್ಕು ಅಂಗಗಳನ್ನು ಹೇಳಿದ್ದಾರೆ: ಯಾವುದನ್ನು ಹೋಲಿಸುತ್ತೇವೆಯೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೆಯೋ ಅದು ಉಪಮಾನ, ಎರಡರಲ್ಲಿಯೂ ಇರುವ ಗುಣವು ಸಾಧಾರಣಧರ್ಮ, ‘ಅಂತೆ’, ‘ಹಾಗೆ’ ಮೊದಲಾದುದು ವಾಚಕ. ಮುಖವು ಚಂದ್ರನಂತಿದೆ ಎಂದಾಗ ಆಹ್ಲಾದಕರವಾಗಿದೆಯೆಂಬ ಧರ್ಮವನ್ನು ಯಾರಾದರೂ ಗ್ರಹಿಸುತ್ತಾರೆ. ಚಂದ್ರನ ಕಲೆಯನ್ನಾಗಲಿ ದೂರವನ್ನಾಗಲಿ ಯಾರೂ ಮುಖಕ್ಕೆ ಆರೋಪಿಸುವುದಿಲ್ಲ. ಜಗಲಿಯ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದು ಈ ಸಾಧಾರಣಧರ್ಮವೇ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ, 100 ಮೀಟರಿಗೆ 9.55 ಸೆಕೆಂಡಾಯಿತೆಂದೂ, ಉಸೇನ್ ಬೋಲ್ಟನು 2009ರಲ್ಲಿ ಬರ್ಲಿನ್ನಿನಲ್ಲಿ ತೆಗೆದುಕೊಂಡುದು 9.58 ಸೆಕೆಂಡೆಂದೂ ಸಾರಿದರು. ದೇಶವೆಲ್ಲ ಕೋಲಾಹಲವಾಯಿತು. ಒಂದು ಕಡೆ ಕೆಸರು, ಕೋಣಗಳ ಸೆಳೆತ. ಇನ್ನೊಂದು ಕಡೆ ಗಟ್ಟಿಯಾದ ಓಟದ ದಾರಿ, ನಿಂತಲ್ಲಿಂದಲೇ ಆರಂಭ. ಅಂಕೆ ಒಂದೇ ಜಾತಿಯದಾದರೂ ಧರ್ಮವು ಬೇರೆ. ತಾವು ಕೆಸರುಗದ್ದೆಯಲ್ಲಿ ಓಡುವವರೆಂದು ಗೌಡರೇ ವಿನಯದಿಂದ ಹೇಳಿದರು. ಉಪಮೇಯಕ್ಕಿದ್ದ ವಿವೇಕವು ಉಪಮೆಯನ್ನು ಹೂಡಿದವರಿಗೆ ಇರಲಿಲ್ಲ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಇಬ್ಬರು ರಾಹುಲರಲ್ಲಿ ಜನರು ಮೊದಲು ಕಾಣುವ ಸಾಮ್ಯಗಳು ಮೂರು: ಹೆಸರು ಒಂದು, ರಾಜ್ಯವೊಂದು, ದಾಂಡಿನ ಜೊತೆಗೆ ವಿಕೆಟ್ ಕೀಪರನ ಕೈಗವಸನ್ನೂ ಇಬ್ಬರೂ ತೊಟ್ಟರು. ಹೆಸರೂ ಊರೂ ಧರ್ಮಗಳಲ್ಲ, ಆಕಸ್ಮಿಕಗಳು. ಕೈಗವಸನ್ನೇ ಆಧಾರವಾಗಿ ಹಿಡಿಯುವುದಾದರೆ ಸುರತ್ಕಲ್ಲಿನವರು ಬೆಂಗಳೂರಿನ ತನಕ ನೋಡಬೇಕಾಗಿಯೇ ಇಲ್ಲ. ಪಕ್ಕದ ಮುಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿ ಕುಂದರನ್ ಅವರಿದ್ದಾರೆ. ವಿಕೆಟ್ ಕೀಪರಾಗಿದ್ದು 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಎದುರು ಅವರು ಹೊಡೆದ 192 ರನ್ನುಗಳನ್ನು, 2013ರಲ್ಲಿ ಧೋನಿಯವರು 224 ಹೊಡೆಯುವ ತನಕ, ಭಾರತದ ಬೇರಾವ ಕೀಪರನೂ ಮೀರಲಿಲ್ಲ. ಆದರೂ ಅವರ ಹೆಸರನ್ನು ಎತ್ತುವವರು ವಿರಳ. ಹೋಲಿಸುವವನು ಹತ್ತಿರದ ದೀಪವನ್ನು ಬಿಟ್ಟು ದೂರದ ಸೂರ್ಯನನ್ನೇ ತರುತ್ತಾನೆಂಬುದಕ್ಕೆ ಇದೇ ಸಾಕ್ಷಿ.

ರನ್ನುಗಳ ತಕ್ಕಡಿಯಲ್ಲಿಟ್ಟರೆ ವಾದಕ್ಕೆ ಎಡೆಯೇ ಇಲ್ಲ. ದ್ರಾವಿಡರು 1996ರಿಂದ 2012ರ ವರೆಗೆ 164 ಟೆಸ್ಟ್ ಪಂದ್ಯಗಳಲ್ಲಿ 13,288 ರನ್ನುಗಳನ್ನು ಗಳಿಸಿದರು, ಸರಾಸರಿ 52.31, ಶತಕಗಳು 36. ಅವರು ಎದುರಿಸಿದ ಚೆಂಡುಗಳು 31,258. ಈ ಕೊನೆಯ ಸಂಖ್ಯೆಯನ್ನು ಒಮ್ಮೆ ಆಲೋಚಿಸಬೇಕು: ಮೂವತ್ತೊಂದು ಸಾವಿರ ಸಲ ಒಬ್ಬ ಮನುಷ್ಯನು ಮನಸ್ಸನ್ನು ಒಂದು ಬಿಂದುವಿನಲ್ಲಿ ನಿಲ್ಲಿಸಿದನು. ಕೆ. ಎಲ್. ರಾಹುಲರ ಟೆಸ್ಟ್ ಶತಕಗಳು 2025ರ ಅಂತ್ಯಕ್ಕೆ 11. ಸರಾಸರಿಯು 35ರ ಆಸುಪಾಸಿನಲ್ಲಿ. ನೂರು ಹೊಡೆದ ಮೇಲೆ ಹಲವು ಪಂದ್ಯಗಳಲ್ಲಿ ಮೌನ, ಮತ್ತೆ ಒಂದು ಮಿಂಚು: ಇದೇ ಅವರ ಬಹುಕಾಲದ ರೀತಿಯಾಗಿತ್ತು. ಒಬ್ಬರದು ಗಾಳಿಯಿಲ್ಲದ ಕೋಣೆಯ ದೀಪ. ಇನ್ನೊಬ್ಬರದು ಕಡಲಕರೆಯ ಮನೆಯ ದೀಪ. ಈ ಭೇದವನ್ನು ಮುಚ್ಚಿಡುವುದು ಇಬ್ಬರಿಗೂ ಅನ್ಯಾಯ.

ಹಾಗಾದರೆ ಹೋಲಿಕೆಯೇ ಇಲ್ಲವೇ? ಉಂಟು. ಅದು ಬೇರೆ ಸ್ಥಳದಲ್ಲಿದೆ. ತನಗೆ ಪ್ರಿಯವಾದ ಸ್ಥಾನವನ್ನು ಬಿಟ್ಟು, ತಂಡಕ್ಕೆ ಅಗತ್ಯವಾದ ಸ್ಥಾನದಲ್ಲಿ ನಿಲ್ಲುವ ಗುಣವೇ ಇಬ್ಬರ ನಿಜವಾದ ಸಾಧಾರಣಧರ್ಮ. ಮೂರನೆಯ ಕ್ರಮಾಂಕವು ದ್ರಾವಿಡರ ಆಸ್ತಿಯೆಂದು ಲೋಕವೇ ಒಪ್ಪಿತ್ತು. ಆದರೂ 2001ರಲ್ಲಿ ಕಲ್ಕತ್ತೆಯಲ್ಲಿ ಆಸ್ಟ್ರೇಲಿಯದ ಎದುರು ಆ ಸ್ಥಾನವು ಲಕ್ಷ್ಮಣರಿಗೆ ಹೋದಾಗ, ಅವರು ಆರನೆಯವರಾಗಿ ಇಳಿದು 180 ರನ್ನು ಮಾಡಿದರು. 281 ಹೊಡೆದ ಲಕ್ಷ್ಮಣರೊಡನೆ ಕೂಡಿ 376 ರನ್ನುಗಳ ಜೊತೆಯಾಟವನ್ನು ಕಟ್ಟಿದರು. 2003ರ ವಿಶ್ವಕಪ್ಪಿನಲ್ಲಿ ತಂಡಕ್ಕೆ ಇನ್ನೊಬ್ಬ ದಾಂಡಿಗನು ಬೇಕೆಂದಾಗ ಕೈಗವಸನ್ನು ತೊಟ್ಟರು. 2006ರಲ್ಲಿ ಲಾಹೋರಿನಲ್ಲಿ ಆರಂಭಿಕರಾಗಿ ನಡೆದು ಸೆಹವಾಗರೊಡನೆ 410 ರನ್ನು ಕೂಡಿಸಿದರು.

ಕೆ. ಎಲ್. ರಾಹುಲರ ಕಥೆಯೂ ಇದೇ ಜಾತಿಯದು. 2014ರ ಡಿಸೆಂಬರಿನಲ್ಲಿ ಮೆಲ್ಬರ್ನಿನಲ್ಲಿ ಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ ಒಂದು ಸರದಿಯಲ್ಲಿ ಆರನೆಯವರು, ಇನ್ನೊಂದರಲ್ಲಿ ಮೂರನೆಯವರು. ಗಳಿಸಿದುದು ಮೂರು ಮತ್ತು ಒಂದು. ಮುಂದಿನ ಪಂದ್ಯದಲ್ಲಿಯೇ ಸಿಡ್ನಿಯಲ್ಲಿ ಆರಂಭಿಕರಾಗಿ 110. ಅನಂತರ ಆರಂಭದಿಂದ ಆರನೆಯ ಕ್ರಮಾಂಕದ ವರೆಗೆ ಅವರನ್ನು ಚದುರಂಗದ ಕಾಯಿಯಂತೆ ಸರಿಸಲಾಗಿದೆ. 2019ರಲ್ಲಿ ಟೆಸ್ಟ್ ತಂಡದಿಂದ ಹೊರಬಿದ್ದು ಎರಡು ವರ್ಷ ಕಾದರು. 2021ರಲ್ಲಿ ಮಯಾಂಕ್ ಅಗರ್ವಾಲರಿಗೆ ಪೆಟ್ಟಾದುದರಿಂದ ಒದಗಿದ ಅವಕಾಶದಲ್ಲಿ ಲಾರ್ಡ್ಸ್ ಮೈದಾನದಲ್ಲಿ 129 ಹೊಡೆದರು. 2023ರ ಫೆಬ್ರವರಿಯಲ್ಲಿ ಉಪನಾಯಕತ್ವ ಹೋಯಿತು, ತಂಡದ ಸ್ಥಾನವೂ ಹೋಯಿತು. ಮೇ ತಿಂಗಳಿನಲ್ಲಿ ತೊಡೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಎದುರು ಔಟಾಗದೆ 111. ಅಕ್ಟೋಬರಿನಲ್ಲಿ ಚೆನ್ನೈಯ ಬಿಸಿಲಿನಲ್ಲಿ ಆಸ್ಟ್ರೇಲಿಯದ ಸರದಿ ಮುಗಿಯುವ ತನಕ ವಿಕೆಟಿನ ಹಿಂದೆ ಕುಳಿತೆದ್ದು, ಎರಡು ರನ್ನುಗಳಿಗೆ ಮೂವರು ಔಟಾದ ಕ್ಷಣದಲ್ಲಿ ದಾಂಡು ಹಿಡಿದು ಬಂದು, ಔಟಾಗದೆ 97 ರನ್ನು ಮಾಡಿ ಪಂದ್ಯವನ್ನು ಗೆಲ್ಲಿಸಿದರು.

ಸಾಮ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2003ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ದ್ರಾವಿಡರೂ 2023ರ ಅಂತಿಮ ಪಂದ್ಯದಲ್ಲಿ ರಾಹುಲರೂ ಕೀಪರಾಗಿದ್ದರು. ಎರಡರಲ್ಲಿಯೂ ಭಾರತವು ಆಸ್ಟ್ರೇಲಿಯಕ್ಕೆ ಸೋತಿತು. ಎರಡನೆಯ ಪಂದ್ಯದಲ್ಲಿ ರಾಹುಲರು 107 ಚೆಂಡುಗಳಲ್ಲಿ 66 ರನ್ನು ಮಾಡಿದುದಕ್ಕೆ, ನಿಧಾನಿಯೆಂಬ ನಿಂದೆಯನ್ನು ಬಹುಕಾಲ ಹೊತ್ತರು. ಆ ತಂಡದ ತರಬೇತುದಾರರಾಗಿದ್ದವರು ಸ್ವತಃ ದ್ರಾವಿಡರೇ. ಅದೇ ನಿಂದೆಯಿಂದ 1998ರಲ್ಲಿ ಅವರನ್ನು ಬಹುಪಾಲು ಏಕದಿನ ಪಂದ್ಯಗಳಿಂದ ಹೊರಗಿಡಲಾಗಿತ್ತು. 1999ರ ವಿಶ್ವಕಪ್ಪಿನಲ್ಲಿ 461 ರನ್ನು ಮಾಡಿ, ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತಲೂ ಹೆಚ್ಚು ಗಳಿಸಿದವರಾಗಿ ಉತ್ತರ ಕೊಟ್ಟಿದ್ದರು. ಲೋಕವು ಉಪಮಾನವನ್ನು ಉಪಮೇಯದ ಮೇಲೆ ಕೋಲಿನಂತೆ ಬೀಸುತ್ತಿದ್ದಾಗ, ಆ ಉಪಮಾನವೇ ಉಪಮೇಯದ ಪಕ್ಕದಲ್ಲಿ ಕುಳಿತಿತ್ತು. ಮುಂದಿನ ತಿಂಗಳೇ ಸೆಂಚೂರಿಯನ್ನಿನಲ್ಲಿ ಆರನೆಯವರಾಗಿ ಇಳಿದು, ಕೀಪರಿನ ಕೆಲಸವನ್ನೂ ಹೊತ್ತು, ರಾಹುಲರು 101 ರನ್ನು ಹೊಡೆದರು.

ಆದರೆ ಅಲಂಕಾರಶಾಸ್ತ್ರದಲ್ಲಿ ಉಪಮೆಯೊಂದೇ ಇಲ್ಲ, ಅನನ್ವಯವೆಂಬುದೂ ಉಂಟು. ವಸ್ತುವಿಗೆ ಅದೇ ವಸ್ತುವನ್ನು ಉಪಮಾನವಾಗಿ ಹೇಳುವುದು ಅದರ ಲಕ್ಷಣ. ಬೆಳೆಯುತ್ತಿರುವ ಮನುಷ್ಯನ ವಿಷಯದಲ್ಲಿ ಇದನ್ನು ಸ್ವಲ್ಪ ಸಡಿಲಿಸಿ, ಇಂದಿನವನನ್ನು ನಿನ್ನಿನವನಿಗೆ ಹೋಲಿಸುವುದೇ ಅತ್ಯಂತ ನ್ಯಾಯವಾದ ತೂಕ. 2025ರ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ರಾಹುಲರು ಐದು ಟೆಸ್ಟುಗಳಲ್ಲಿ 532 ರನ್ನು ಮಾಡಿದರು: ಲೀಡ್ಸಿನಲ್ಲಿ 137, ಲಾರ್ಡ್ಸಿನಲ್ಲಿ 100, ಮ್ಯಾಂಚೆಸ್ಟರಿನಲ್ಲಿ 90. ಮಿಂಚು ಆ ಋತುವಿನಲ್ಲಿ ದೀಪವಾಯಿತು. 2016ರಲ್ಲಿ ಚೆನ್ನೈಯಲ್ಲಿ 199ಕ್ಕೆ ಔಟಾದ ಮೇಲೆ ಸ್ವದೇಶದಲ್ಲಿ ಒಲಿಯದಿದ್ದ ಶತಕವೂ ಸುಮಾರು ಒಂಬತ್ತು ವರ್ಷಗಳ ಅನಂತರ ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ ಬಂದಿತು. ದ್ರಾವಿಡರೂ 2011ರಲ್ಲಿ 38ನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗಿ, ಉಳಿದವರೆಲ್ಲ ಕುಸಿದಾಗ ಮೂರು ಶತಕಗಳನ್ನು ಬಾರಿಸಿದವರು. ಕಲಿಯುವುದಕ್ಕೆ ವಯಸ್ಸಿನ ಮಿತಿಯಿಲ್ಲವೆಂಬುದನ್ನು ಇಬ್ಬರೂ ಒಂದೇ ನೆಲದಲ್ಲಿ ತೋರಿಸಿಕೊಟ್ಟರು.

ಈ ವಿಚಾರವು ಆಟದ ಮೈದಾನಕ್ಕೆ ಮಾತ್ರ ಸೇರಿದುದಲ್ಲ. ಅಣ್ಣನು ಮೊದಲ ದರ್ಜೆಯಲ್ಲಿ ತೇರ್ಗಡೆಯಾದ ಮನೆಯಲ್ಲಿ ತಮ್ಮನ ಪಾಡನ್ನು ವಾಚಕರು ಬಲ್ಲರು. ‘ನಿನ್ನ ಅಣ್ಣ ಹೀಗಿರಲಿಲ್ಲ’ ಎಂಬ ಒಂದೇ ಮಾತನ್ನು ದಿನವೂ ಕೇಳಿದ ಹುಡುಗನು ಅಣ್ಣನಂತೆ ಆಗುವುದಿಲ್ಲ. ಅಣ್ಣನನ್ನು ಪ್ರೀತಿಸುವುದನ್ನು ಬಿಡುತ್ತಾನೆ, ಪುಸ್ತಕವನ್ನೂ ಬಿಡುತ್ತಾನೆ. ಶಾಲೆಯ ಉಪಾಧ್ಯಾಯನೂ ಮನೆಯ ಹಿರಿಯರೂ ಹೋಲಿಸಲೇಬಾರದೆಂದಲ್ಲ. ಅಣ್ಣನ ಯಾವ ಗುಣವು ತಮ್ಮನಲ್ಲಿಯೂ ಮೊಳೆತಿದೆಯೆಂದು ಹುಡುಕಿ, ಅದನ್ನು ಹೆಸರಿಸಿ, ಅದಕ್ಕೆ ನೀರೆರೆಯಬೇಕು; ಉಳಿದುದನ್ನು ಅವನ ನಿನ್ನೆಯ ಅಳತೆಯಿಂದಲೇ ಅಳೆಯಬೇಕು. ಹಿರಿಯರ ಕೀರ್ತಿಯು ಕಿರಿಯರಿಗೆ ನೆರಳಾಗಬಹುದು, ಕತ್ತಲೆಯೂ ಆಗಬಹುದು. ಯಾವುದಾಗಬೇಕೆಂಬುದು ಹೋಲಿಸುವವರ ಕೈಯಲ್ಲಿದೆ.