ಬೆಳಕಿಗೆ ಅಡ್ಡದಾರಿ

ಅರವತ್ತು ದಾಟಿದವನ ಕೈಯಿಂದ ಕಾರಿನ ಕೀಲಿಕೈ ಕಸಿಯಲು ಮನೆಮಂದಿಗೆ ಒಂದು ನೆಪ ಸಾಕು. ನನ್ನ ಪಾಲಿಗೆ ಅದು ಶಿರಾಡಿ ಘಾಟಿಯ ರಾತ್ರಿ. “ನಿಮಗೆ ದಾರಿ ಕಾಣಿಸೋದಿಲ್ಲ” ಎಂದಳು ಮಡದಿ. ಕಾಣಿಸುತ್ತಿರಲಿಲ್ಲ, ನಿಜ. ಆದರೆ ದೋಷ ಕಣ್ಣಿನದೋ, ನಮ್ಮ ಹಳೆಯ ಮಾರುತಿ 800ರ ದೀಪದ್ದೋ?

ಅಂಗಡಿಯವನು 60/55 ವಾಟಿನ ಬಲ್ಬು ತೆಗೆದು 100/90ರದು ಹಾಕಿ ಎಂದ. ಸಪೂರ ತಂತಿಗೆ ಆ ಭಾರ ಹೊರಿಸಿದರೆ ಹೋಲ್ಡರೇ ಕರಗೀತು. ಎಲ್‌ಇಡಿಯನ್ನೂ ತೋರಿಸಿದ. ನಮ್ಮ ಎಚ್‌4 ಬಲ್ಬಿನೊಳಗೆ ಡಿಪ್ ತಂತುವಿನ ಕೆಳಗೊಂದು ಪುಟ್ಟ ಲೋಹದ ಬಟ್ಟಲಿದೆ. ಎದುರಿನವನ ಕಣ್ಣಿಗೆ ಬೆಳಕು ಹೋಗದಂತೆ ಕಾಯುವುದು ಅದು. ಬೆಳಕು ಹುಟ್ಟುವ ಜಾಗ ಕೊಂಚ ತಪ್ಪಿದರೂ ತಿರುವಿನಲ್ಲಿ ಬರುವ ಬೈಕಿನವನು ಕುರುಡನಾಗುತ್ತಾನೆ. ನನ್ನ ಹಟಕ್ಕೆ ಅವನ ಕಣ್ಣೇಕೆ?

ಮೀಟರು ಹಿಡಿದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.6 ವೋಲ್ಟು, ಬಲ್ಬಿನ ಬುಡದಲ್ಲಿ 11.9. ವೋಲ್ಟೇಜು ನೂರಕ್ಕೆ 10 ಇಳಿದರೆ ಇಂಥ ಬಲ್ಬಿನ ಬೆಳಕು ಸುಮಾರು 30 ಇಳಿಯುತ್ತದೆ! ಕರೆಂಟು ಸ್ವಿಚ್ಚಿನವರೆಗೆ ಸುತ್ತಿ ಬರುವಷ್ಟರಲ್ಲಿ ಸೊರಗುತ್ತಿತ್ತು. ಎರಡು ರಿಲೇ ಕೂರಿಸಿ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿಯನ್ನು ನೇರ ಎಳೆದೆ. ಅರ್ಥ್ ತಂತಿಯನ್ನೂ ಬದಲಿಸಿದೆ. ಅದನ್ನು ಮರೆಯುವವರೇ ಹೆಚ್ಚು. ಹಳೆಯ ತಂತಿಗೆ ಈಗ ರಿಲೇಗೆ ಸನ್ನೆ ಮಾಡುವ ಕೆಲಸವಷ್ಟೇ. ಬಲ್ಬು ಮಾತ್ರ ಅದೇ.

ಸಂಜೆ ಕಾಂಪೌಂಡು ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿದೆ. ಬಲದ ದೀಪ ಸರಿಯಿತ್ತು. ಎಡದ್ದು ಎಷ್ಟು ವರ್ಷದಿಂದಲೋ ಮರದ ಕೊಂಬೆ ನೋಡುತ್ತಿತ್ತು; ಸ್ಕ್ರೂ ತಿರುಗಿಸಿ ರಸ್ತೆಗಿಳಿಸಿದೆ.