ಬಸ್ಸಿಗೂ ಒಂದು ಜಾತಕ

ಮಕ್ಕಳೇ, ಬಸ್ಸಿಗೂ ಜಾತಕ ಬರೆಯುವವರಿದ್ದಾರೆ ಎಂದರೆ ನೀವು ನಗಬಹುದು. ಇಂಗ್ಲೆಂಡಿನಲ್ಲಿ ಇದ್ದಾರೆ. ಬಸ್ಸು ಹುಟ್ಟಿದ ವರ್ಷ, ಚಾಸಿಸ್ ನಂಬರು, ಬಾಡಿ ಕಟ್ಟಿದವರು, ದುಡಿದ ಡಿಪೋ, ಕೊನೆಗೆ ಗುಜರಿಗೆ ಹೋಯಿತೋ ಮ್ಯೂಸಿಯಂ ಸೇರಿತೋ, ಎಲ್ಲವನ್ನೂ ಬರೆದಿಡುತ್ತಾರೆ. ಇಂಥವರ ಪಿ.ಎಸ್.ವಿ. ಸರ್ಕಲ್ ಎಂಬ ಸಂಘ ಶುರುವಾದದ್ದು 1943ರಲ್ಲಿ. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಇವರಿಗೆ ಬಸ್ಸಿನ ನಂಬರಿನ ಚಿಂತೆ!

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ನನಗೆ ಲಂಡನ್ ಎಂದರೆ ಡಿಕನ್ಸನ ಕುದುರೆಗಾಡಿಗಳು. ಮಗಳ ಮನೆಗೆ ಹೋದಾಗ ಅವಳು ಬ್ರೂಕ್‌ಲ್ಯಾಂಡ್ಸ್‌ನ ಬಸ್ ಮ್ಯೂಸಿಯಮ್ಮಿಗೆ ಕರೆದೊಯ್ದಳು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಹಿಂದೆ ಬಾಗಿಲಿಲ್ಲದ ಆ ಕೆಂಪು ಡಬಲ್ ಡೆಕ್ಕರನ್ನು ನೀವು ಸಿನಿಮಾಗಳಲ್ಲಿ ನೋಡಿರುತ್ತೀರಿ. ಅದರ ಹೆಸರು ರೂಟ್‌ಮಾಸ್ಟರ್. 1954ರಿಂದ 1968ರವರೆಗೆ 2,876 ಬಸ್ಸುಗಳು ತಯಾರಾದವು. ಸಾಮಾನ್ಯ ಮಾರ್ಗಗಳಲ್ಲಿ ಅವುಗಳ ಓಡಾಟ ನಿಂತದ್ದು 2005ರ ಡಿಸೆಂಬರ್ 9ರಂದು.

ಲಂಡನ್ನಿನ ಬಸ್ಸುಗಳು ದೊಡ್ಡ ರಿಪೇರಿಗೆ ಆಲ್ಡೆನ್‌ಹ್ಯಾಮ್ ಕಾರ್ಖಾನೆಗೆ ಹೋಗುತ್ತಿದ್ದವು. ಅಲ್ಲಿ ಬಾಡಿಯನ್ನೂ ಕೆಳಗಿನ ಯಂತ್ರಭಾಗವನ್ನೂ ಬೇರ್ಪಡಿಸಿ, ಆ ಹೊತ್ತಿಗೆ ಸಿದ್ಧವಿದ್ದ ಬೇರೆ ಬಾಡಿಯನ್ನು ಕೂರಿಸಿ ಕಳಿಸುತ್ತಿದ್ದರು. ನಂಬರು ಹಳೆಯದು, ಮೈ ಇನ್ನೊಂದರದ್ದು! ಯಾವ ಮೈ ಯಾವ ನಂಬರಿಗೆ ಹೋಯಿತೆಂದು ಪತ್ತೆಹಚ್ಚಿ ಬರೆದಿಟ್ಟವರು ಈ ಹವ್ಯಾಸಿಗಳು. ಕೆಂಪು ಬಸ್ಸಿನ ಅಂದವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮೊದಲು ಕಳೆದುಹೋಗುವುದು ಸಣ್ಣ ವಿವರ.

ನಮ್ಮ ಮುಂಬಯಿಯಲ್ಲಿ 1937ರಲ್ಲಿ ಡಬಲ್ ಡೆಕ್ಕರ್ ಬಂತು. ಡೀಸೆಲ್ ಡಬಲ್ ಡೆಕ್ಕರಿನ ಕೊನೆಯ ಓಟ 2023ರ ಸೆಪ್ಟೆಂಬರ್ 15ರಂದು. ಆ ಬಸ್ಸುಗಳನ್ನು ಮಾಡಿದ ಅಶೋಕ್ ಲೇಲ್ಯಾಂಡಿನ ಅರ್ಧ ಹೆಸರೂ ಇಂಗ್ಲೆಂಡಿನದೇ. 1948ರ ಅಶೋಕ್ ಮೋಟರ್ಸ್, ಬ್ರಿಟನ್ನಿನ ಲೇಲ್ಯಾಂಡ್ ಕಂಪನಿ ಕೈಜೋಡಿಸಿದ ಮೇಲೆ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು.

ಆ ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತೇ ನಮ್ಮ ಮಾವನವರು ವರ್ಷಗಟ್ಟಲೆ ಕೆಲಸಕ್ಕೆ ಹೋಗಿಬಂದರು. ಅವರೀಗ ಇಲ್ಲ. ಅತ್ತೆಗೆ ಎಂಬತ್ತನಾಲ್ಕು. ಮದುವೆಯಾದ ವರ್ಷ ಕುಂದಾಪುರದಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಬಂದದ್ದು, ಮಾಟುಂಗದ ಒಂದು ಕೋಣೆ, ಅದರ ಬಾಡಿಗೆ, ಒಲೆ ಎರವಲು ಕೊಟ್ಟ ನೆರೆಮನೆಯಾಕೆ, ಎಲ್ಲವನ್ನೂ ಹೇಳುತ್ತಾರೆ. ಆದರೆ ಹೋದ ವರ್ಷ ಥಟ್ಟನೆ ಹೇಳಿದ ಹೆಸರಿಗೆ ಈ ವರ್ಷ ತಡವರಿಸುತ್ತಾರೆ. ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಇದನ್ನೆಲ್ಲ ಬರೆಯುತ್ತಿದ್ದೇನೆ.

ನೀವು ಹುಟ್ಟಿ ಬೆಳೆದದ್ದು ಇಲ್ಲಿ. ನಿಮ್ಮ ಮನೆತನದ ಬಾಡಿ ಬದಲಾಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಂಬರು ಎಲ್ಲಿಂದ ಬಂತೆಂದು ಬರೆದಿಡುವವರು ಬೇಕಲ್ಲವೇ? ಅಜ್ಜ ಅಜ್ಜಿಯರನ್ನು ಬರೀ "ಆಗ ಹೇಗಿತ್ತು?" ಎಂದು ಕೇಳಬೇಡಿ. "ಚೆನ್ನಾಗಿತ್ತು ಮಗಾ" ಎಂದು ಸುಮ್ಮನಾಗುತ್ತಾರೆ. ಯಾವ ತಿಂಗಳು ಬಂದಿರಿ, ಯಾರ ಮನೆಯಲ್ಲಿ ಇಳಿದಿರಿ, ಮೊದಲ ಸಂಬಳವೆಷ್ಟು, ಯಾವ ನಂಬರಿನ ಬಸ್ಸು ಹತ್ತುತ್ತಿದ್ದಿರಿ ಎಂದು ಕೇಳಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೆ ತಿದ್ದಲು ನಾವಿದ್ದೇವೆ. ಬರೆದ ತಾರೀಖು ಹಾಕಲು ಮಾತ್ರ ಮರೆಯಬೇಡಿ.