ಚಿಕ್ಕಜಾಜೂರಿನಲ್ಲಿ ಗಾಡಿ ಬದಲು

ಮೀಟರ್‌ಗೇಜಿನ ಕಾಲದಲ್ಲಿ ಬೆಂಗಳೂರಿನಿಂದ ರೈಲಿನಲ್ಲಿ ದುರ್ಗಕ್ಕೆ ಹೋಗಬೇಕೆನ್ನುವವನು, ಹುಬ್ಬಳ್ಳಿಯ ಹಾದಿಯಲ್ಲಿ ಬೀರೂರು, ಅಜ್ಜಂಪುರ, ಹೊಸದುರ್ಗ ರೋಡುಗಳನ್ನು ದಾಟಿ ಚಿಕ್ಕಜಾಜೂರಿನಲ್ಲಿಳಿದು, ಚಿತ್ರದುರ್ಗದಲ್ಲಿಯೇ ಕೊನೆಗೊಳ್ಳುತ್ತಿದ್ದ ಕವಲುಹಾದಿಯ ಗಾಡಿಗಾಗಿ, ಬಂದಾಗ ಬರಲಿ ಎಂಬ ನಿರ್ಲಿಪ್ತತೆಯಿಂದ ಕಾದು ಕುಳಿತಿರಬೇಕಾಗಿತ್ತು. ಅಂಥದೊಂದು ಪ್ರಯಾಣಕ್ಕೆ ನಾನೂ ನನ್ನ ಮಿತ್ರರೊಬ್ಬರೂ ಹೊರಟಾಗ ನನ್ನ ಚೀಲದಲ್ಲಿ ಎರಡು ಪುಸ್ತಕಗಳಿದ್ದುವು: ಒಂದು, ಷೆರ್ಲಾಕ್ ಹೋಮ್ಸನ ಕಥೆಗಳ ಸಂಪುಟ, ಇನ್ನೊಂದು, ಬಾಡಿಗೆ ಪುಸ್ತಕದಂಗಡಿಯಿಂದ ತಂದಿದ್ದ, ಕೊನೆಯ ಎರಡು ಹಾಳೆಗಳೇ ಇಲ್ಲದ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ. ನಾಲ್ಕನೆಯ ತರಗತಿಗೇ ಶಾಲೆಯನ್ನು ಬಿಟ್ಟು, 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಒಟ್ಟು ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದ ಈ ಮಹನೀಯರನ್ನು ವಿದ್ವಾಂಸರು ಪಂಕ್ತಿಯ ಹೊರಗೆ ಕೂರಿಸಿದ್ದಾರೆ. ಕನ್ನಡಿಗರಿಗೆ ಓದುವ ಚಟ ಹತ್ತಿಸಿದವರಲ್ಲಿ ನಾನು ಮಣೆ ಹಾಕುವುದು ಮಾತ್ರ ಮೊದಲು ಅವರಿಗೇ.

ಹೋಮ್ಸನು ಒಂದು ಕಥೆಯಲ್ಲಿ, ಅರುವತ್ತು ಗಜಕ್ಕೊಂದರಂತೆ ನೆಟ್ಟ ತಂತಿಕಂಬಗಳನ್ನು ಕಿಟಕಿಯಿಂದ ಎಣಿಸಿ, ತಾನು ಕುಳಿತ ರೈಲಿನ ವೇಗ ಗಂಟೆಗೆ ಐವತ್ತಮೂರೂವರೆ ಮೈಲಿಯೆಂದು ವಾಟ್ಸನ್ನನಿಗೆ ಹೇಳುತ್ತಾನೆ. ಆ ವಿದ್ಯೆಯನ್ನು ಪರೀಕ್ಷಿಸುವ ಹುಮ್ಮಸ್ಸಿನಿಂದ ನಾನು ಅಜ್ಜಂಪುರವನ್ನು ಬಿಟ್ಟಾಗಿನಿಂದ ಕೈಯಲ್ಲಿ ಗಡಿಯಾರ ಹಿಡಿದು ಕಂಬಗಳನ್ನು ಎಣಿಸತೊಡಗಿದೆನು.

“ಕಂಬಕ್ಕೂ ಕಂಬಕ್ಕೂ ಎಷ್ಟು ಗಜ ಅಂತ ನಿಮಗೆ ಗೊತ್ತೇನು?” ಎಂದು ಮಿತ್ರರು ಕೇಳಿದರು. ಗೊತ್ತಿರಲಿಲ್ಲ. ವಾಟ್ಸನ್ ಇಂಥ ಪ್ರಶ್ನೆಯನ್ನು ಕೇಳದಿದ್ದುದರಿಂದಲೇ ಹೋಮ್ಸನ ಕೀರ್ತಿ ಉಳಿಯಿತೆಂದು ನನಗೆ ಆಗ ಹೊಳೆಯಿತು. ಬೇರೊಂದು ವಿಷಯದಲ್ಲಿಯೂ ನನ್ನ ಮಿತ್ರರು ಆ ವೈದ್ಯನಿಗೆ ಸಾಟಿಯಾಗಿರಲಿಲ್ಲ: ಅವನು ಎರಡನೆಯ ಕಾದಂಬರಿ ಮುಗಿಯುವಷ್ಟರಲ್ಲಿ ಕಕ್ಷಿಗಾರ್ತಿಯನ್ನೇ ಮದುವೆಗೆ ಒಪ್ಪಿಸಿಕೊಂಡವನು, ಇವರೋ, ಮೂವತ್ತೈದು ದಾಟಿದರೂ ಮದುವೆಯ ಮಾತೆತ್ತಿದೊಡನೆ ಹವೆಯ ವಿಷಯ ತೆಗೆಯುವವರು.

ಚಿಕ್ಕಜಾಜೂರಿನಲ್ಲಿ ಇಳಿದಾಗ ಮಧ್ಯಾಹ್ನ. ಕವಲೊಡೆದ ಹಳಿಗಳು, ಅವುಗಳಾಚೆ ತೆಂಗು ಅಡಕೆಯ ತೋಟಗಳು, ಬಿಸಿಲಿಗೆ ಮಲಗಿದ ನಾಯಿ. ಜಂಕ್ಷನ್ನುಗಳೆಂದರೆ ಪತ್ತೇದಾರರಿಗೆ ಪ್ರಿಯ. ಲಂಡನ್ನಿನ ಆಲ್ಡ್‌ಗೇಟ್ ನಿಲ್ದಾಣದ ಬಳಿ ಹಳಿಯ ಪಕ್ಕದಲ್ಲಿ ಸಿಕ್ಕ ಗುಮಾಸ್ತನೊಬ್ಬನ ಶವವು, ಬೇರೆಲ್ಲಿಯೋ ಗಾಡಿಯ ಮಾಡಿನ ಮೇಲೆ ಇರಿಸಿದ್ದು, ಹಳಿಗಳು ಕವಲೊಡೆಯುವೆಡೆಯಲ್ಲಿ ಗಾಡಿ ಓಲಾಡಿದಾಗ ಉರುಳಿತೆಂಬುದನ್ನು ಹೋಮ್ಸನು ಕಂಡುಹಿಡಿದ ಬಗೆಯನ್ನು ನಾನು ಇಲ್ಲಿಯ ಹಳಿಗಳನ್ನು ತೋರಿಸುತ್ತ ವಿವರಿಸಿದೆನು. ಮಿತ್ರರು ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವನ್ನು ಬಿಚ್ಚಿದರು.

ಅಷ್ಟರಲ್ಲಿ ಅದೇ ಗಾಡಿಯಿಂದ ಇಳಿದಿದ್ದ ವೃದ್ಧರೊಬ್ಬರು ನಮ್ಮ ಬೆಂಚಿನ ತುದಿಯಲ್ಲಿ ಕುಳಿತರು. ಬೆರಳುಗಳಲ್ಲಿ ಅಡಕೆಯ ಚೊಗರಿನ ಕಲೆ. ಕಂಕುಳಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿದ ಕಾಗದಗಳ ಗಂಟು. ಮುಖದಲ್ಲಿ ಬಹುಕಾಲದ ಚಿಂತೆ. “ತೋಟವುಳ್ಳವರು, ದಾಯಾದಿಗಳ ವ್ಯಾಜ್ಯ, ದುರ್ಗದ ಕೋರ್ಟಿಗೆ ಹೊರಟಿದ್ದಾರೆ” ಎಂದು ಮಿತ್ರರ ಕಿವಿಯಲ್ಲಿ ಉಸುರಿದೆನು. ಲಂಡನ್ನಿನ ಗಾಡಿಗಳಲ್ಲಿ ಪರಸ್ಪರ ಮಾತನಾಡದ ಜನರಿರುವುದರಿಂದ ಅಲ್ಲಿ ಊಹೆಗೆ ಬೆಲೆಯುಂಟು. ನಮ್ಮಲ್ಲಾದರೋ ಎದುರಿಗೆ ಕುಳಿತವನ ಊರು, ಕಸುಬು, ಸಂಬಳ, ಸಂತಾನಗಳನ್ನು ಕೇಳದಿರುವುದೇ ಅಸಭ್ಯತೆಯಾದುದರಿಂದ, ಪತ್ತೇದಾರನು ತನ್ನ ಅನುಮಾನವನ್ನು ಪೂರೈಸುವ ಮೊದಲೇ ಅಪರಾಧಿಯು ಎಲ್ಲವನ್ನೂ ಒಪ್ಪಿಕೊಂಡಿರುತ್ತಾನೆ.

“ಯಾವೂರು ಮೇಷ್ಟ್ರೇ?” ಎಂದರು ಅವರು.

ನಾನು ಬೆಚ್ಚಿದೆನು. ಉಪಾಧ್ಯಾಯನೆಂದು ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ, “ಅಜ್ಜಂಪುರದಿಂದ ಕಂಬ ಎಣಿಸ್ಕಂತ ಬಂದ್ರಲ್ಲ. ಎಣಿಸೋದು ತಪ್ಪಿದಾಗ ತಿರುಗಾ ಒಂದರಿಂದ ಶುರು ಮಾಡ್ತಿದ್ರಿ. ಬ್ಯಾರೆ ಯಾರು ಹಂಗೆ ಮಾಡ್ತಾರೆ?” ಎಂದು ನಕ್ಕರು.

ತೋಟದ ವಿಷಯ ನಿಜವಾಗಿತ್ತು. ವ್ಯಾಜ್ಯವಿರಲಿಲ್ಲ, ಗಂಟಿನಲ್ಲಿದ್ದುವು ಕಿರಿಯ ಮಗಳಿಗಾಗಿ ಊರೂರು ಅಲೆದು ಸಂಗ್ರಹಿಸಿದ ವರಗಳ ಜಾತಕಗಳು. ಅಷ್ಟು ಹೇಳಿ ಅವರು ನನ್ನನ್ನು ಬಿಟ್ಟು ಮಿತ್ರರ ಕಡೆಗೆ ತಿರುಗಿ, ಅವರನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿ, “ತಮ್ಮದು ಯಾವ ನಕ್ಷತ್ರ?” ಎಂದು ಕೇಳಿದರು.

ಹವೆಯ ಮಾತು ಈಗ ಬಂದೀತೆಂದು ನಾನು ಕಾದೆನು. ದೂರದಲ್ಲಿ ದುರ್ಗದ ಗಾಡಿ ಕೂಗಿತು.

“ಉತ್ತರಾಷಾಢ,” ಎಂದರು ಮಿತ್ರರು, ಪೊಟ್ಟಣವನ್ನು ವೃದ್ಧರ ಕಡೆಗೆ ಸರಿಸುತ್ತ.